ಮನೆಯೊಳಗೆ ಗ್ಯಾಸ್ ಬಿಟ್ಟರೆ ಗೆದ್ದಲು ಹೋಗುತ್ತಾ?

ವಿಜಯಪುರದ ಹಳೆ ಮನೆ, ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿದೆ, ಕಿಟಕಿ ಬಾಗಿಲು ಮುಚ್ಚಿ ಹುಳ ಸಾಯಿಸುವ ವಿಷದ ಗ್ಯಾಸ್ ಬಿಟ್ಟರೆ ಗೆದ್ದಲು, ಜಿರಳೆ, ತಿಗಣೆ ಎಲ್ಲ ಒಂದೇ ಸಲ ಸಾಯುತ್ತವಾ ಅಂತ ಕೇಳಿದ್ದೀರಿ. ಇಲ್ಲ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಾನು ವಿಜಯಪುರ, ಬಾಗಲಕೋಟೆ ಕಡೆ ಮನೆಗಳಿಗೆ ಗೆದ್ದಲು, ಜಿರಳೆ ಔಷಧಿ ಹೊಡೆಯುವ ಕೆಲಸ ಮಾಡುತ್ತೇನೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಮನೆಗೆ ಹತ್ತುವ ಗೆದ್ದಲಿನ ಗೂಡು ಸಾಮಾನ್ಯವಾಗಿ ನೆಲದೊಳಗೆ ಇರುತ್ತದೆ. ರಾಣಿ ಇರುವುದೂ ಅಲ್ಲೇ. ಚೌಕಟ್ಟಿಗೆ ಬರುವುದು ಬರೀ ತಿನ್ನೋಕೆ. ಎರೆ ಮಣ್ಣು ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ನೆಲದಲ್ಲಿ ಗೋಡೆಯಲ್ಲಿ ಸಣ್ಣ ಸೀಳು ಬೀಳುತ್ತವೆ. ಒಳಗೆ ಬರಲು ಅಷ್ಟು ಸಾಕು. ಕೋಣೆಯಲ್ಲಿ ಬಿಟ್ಟ ಗ್ಯಾಸ್ ಆ ಗೂಡಿಗೆ ಮುಟ್ಟುವುದಿಲ್ಲ. ಅಮೆರಿಕದಲ್ಲಿ ಇಡೀ ಮನೆಗೆ ತಾಡಪತ್ರಿ ಹೊದಿಸಿ ಗ್ಯಾಸ್ ಬಿಡುವ ವಿಡಿಯೊ ನೋಡಿರಬಹುದು. ಅದು ಒಣ ಕಟ್ಟಿಗೆಯೊಳಗೇ ಗೂಡು ಮಾಡುವ ಬೇರೆ ಜಾತಿಯ ಗೆದ್ದಲಿಗೆ.

ಮೊದಲು ಗೋಡೆ ನೋಡಿ. ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಮೇಲೆ ಹತ್ತಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಒಂದಿಂಚು ಕೆರೆದರೆ ಒಳಗೆ ಬೆಳ್ಳಗಿನ ಹುಳ ಗಡಿಬಿಡಿಯಿಂದ ಓಡಾಡುತ್ತವೆ. ಒಂದೆರಡು ದಿನದಲ್ಲಿ ಅಲ್ಲಿ ಮತ್ತೆ ಹಸಿ ಮಣ್ಣು ಮೆತ್ತಿದ್ದರೆ ಗೂಡು ಇನ್ನೂ ಜೀವಂತ ಇದೆ ಅಂತ ತಿಳಿಯಿರಿ. ಚೌಕಟ್ಟಿನ ಬಣ್ಣ ಚೆನ್ನಾಗೇ ಇರುತ್ತದೆ, ಹೆಬ್ಬೆರಳು ಒತ್ತಿದರೆ ಕಾಗದದ ಹಾಗೆ ಒಳಗೆ ಹೋಗುತ್ತದೆ. ಮಣ್ಣೇ ಇಲ್ಲದೆ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಅದು ಕುಟ್ಟೆ ಹುಳ. ಅದಕ್ಕೆ ಕಟ್ಟಿಗೆಗೇ ಔಷಧಿ ಕೊಡಬೇಕು.

ಗೆದ್ದಲಿಗೆ ನೆಲಕ್ಕೆ ಔಷಧಿ ಕೊಡಿಸಿ. ಗೋಡೆ ಮತ್ತು ನೆಲ ಕೂಡುವ ಕಡೆ ಸುಮಾರು ಒಂದು ಅಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು, ಔಷಧಿ ಇಳಿಸಿ, ಸಿಮೆಂಟಿನಿಂದ ಮುಚ್ಚಬೇಕು. ಫರಸಿ ಹಾಸಿದ ನೆಲವಾದರೆ ಕಲ್ಲಿನ ಸಂದಿಯಲ್ಲಿ ಕೊರೆಸಿ, ಕಲ್ಲು ಒಡೆಯುವುದಿಲ್ಲ. ಈಗ ಹೆಚ್ಚಾಗಿ ಬಳಸುವುದು ಇಮಿಡಾಕ್ಲೋಪ್ರಿಡ್ 30.5%, ಲೀಟರ್ ನೀರಿಗೆ 2.1 ಮಿಲಿ. ಡಬ್ಬಿಯ ಸೀಲ್ ನಿಮ್ಮೆದುರೇ ಒಡೆಸಿ, ಅಳತೆ ನಿಂತು ನೋಡಿ. ಡ್ರಿಲ್ ಮಾಡದೆ ಗೋಡೆಗೆ ಸುಮ್ನೆ ಸಿಂಪಡಿಸಿ ಹೋಗುವವರಿಗೆ ದುಡ್ಡು ಕೊಡಬೇಡಿ. ನೀರಿನ ಸಂಪು, ಬೋರ್‌ವೆಲ್ ಎಲ್ಲಿದೆ ಅಂತ ಮೊದಲೇ ತೋರಿಸಿಬಿಡಿ, ಅದರ ಹತ್ತಿರ ಔಷಧಿ ಇಳಿಯಬಾರದು.

ಇನ್ನೊಂದು ಮಾತು, ಕೈ ಮುಗಿದು ಹೇಳುತ್ತೇನೆ. ಜೋಳ, ಕಡಲೆ ಕಾಳಿಗೆ ಇಡುವ ಗುಳಿಗೆಯನ್ನು ಮನೆಯೊಳಗೆ ಇಡಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫಿನ್ ಗ್ಯಾಸ್ ಬಿಡುತ್ತದೆ. ಬಾಗಿಲು ಮುಚ್ಚಿದರೂ ಸಂದಿಯಿಂದ ಪಕ್ಕದ ಕೋಣೆಗೆ, ಪಕ್ಕದ ಮನೆಗೆ ಹೋಗುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ತಿಗಣೆಗೆ ಅಂತ ಇಟ್ಟು ಮಲಗಿದ ಮನೆಗಳಲ್ಲಿ ಮಕ್ಕಳು ಸತ್ತಿದ್ದಾರೆ. ಯಾರೇ ಸಲಹೆ ಕೊಡಲಿ, ಬೇಡ ಅನ್ನಿ.

ಜಿರಳೆಗೆ ವಿಷ ಬೆರೆಸಿದ ಜೆಲ್ ಸಾಕು. ಅಡುಗೆಮನೆ ಕಪಾಟಿನ ಮೂಲೆಗಳಲ್ಲಿ ಸಣ್ಣ ಚುಕ್ಕಿ ಇಡಿಸಿ, ಅದರ ಮೇಲೆ ಸ್ಪ್ರೇ ಹೊಡೆಯಬೇಡಿ, ಹೊಡೆದರೆ ಜಿರಳೆ ಜೆಲ್ ತಿನ್ನುವುದಿಲ್ಲ. ತಿಗಣೆಗೆ ಮಂಚದ ಸಂದು, ಗಾದಿಯ ಹೊಲಿಗೆ ಹುಡುಕಿ ಔಷಧಿ ಹೊಡೆಯಬೇಕು, ಹಾಸಿಗೆ ಬಟ್ಟೆ ಕುದಿಯುವ ನೀರಿಗೆ ಹಾಕಬೇಕು.

ಚೌಕಟ್ಟು ಬದಲಿಸುವ ಯೋಚನೆ ಇದ್ದರೆ ನೆಲಕ್ಕೆ ಔಷಧಿ ಆದ ಮೇಲೆಯೇ ಬಡಿಗೇರರನ್ನು ಕರೆಸಿ. ಹಳೆ ಚೌಕಟ್ಟು ಕಿತ್ತಾಗ ಗೋಡೆಯ ಒಳಬದಿ ಕಾಣುತ್ತದೆ, ಅಲ್ಲಿಗೂ ಔಷಧಿ ಕೊಡಿಸಿಬಿಡಿ.