ಬೆನ್ನಿಗೆ ಕರೆಂಟ್ ಕೊಟ್ಟರೆ ತಮ್ಮ ನಡೆಯುತ್ತಾನಾ ಅಂತ ಕೇಳಿದವರಿಗೆ

ಸಿಂಧನೂರಿನಲ್ಲಿ ನಿಮ್ಮ ತಮ್ಮ ಭತ್ತದ ಲಾರಿ ಮೇಲಿಂದ ಬಿದ್ದು 2 ವರ್ಷ, ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಬೆನ್ನುಹುರಿಗೆ ಕರೆಂಟ್ ಕೊಡುವ ಚಿಕಿತ್ಸೆಗೆ ಹೊಲ ಮಾರಲಾ ಅಂತ ಕೇಳಿದ್ದೀರಿ. ದಯವಿಟ್ಟು ಮಾರಬೇಡಿ.

ಚಿಕಿತ್ಸೆ ಸುಳ್ಳಲ್ಲ. ಬೆನ್ನುಹುರಿಯಲ್ಲಿ ಪೆಟ್ಟಾದ ಜಾಗದ ಕೆಳಗಿನ ನರಗಳು ಸಾಮಾನ್ಯವಾಗಿ ಬದುಕಿರುತ್ತವೆ, ಮೆದುಳಿನ ಮಾತು ಅಲ್ಲಿಗೆ ಮುಟ್ಟುವುದಿಲ್ಲ ಅಷ್ಟೇ, ಸಣ್ಣ ಕರೆಂಟ್ ಕೊಟ್ಟರೆ ಅವು ಎಚ್ಚರವಾಗಿ, ಅಳಿದುಳಿದ ದಾರಿಯಲ್ಲಿ ಬಂದ ಸಂದೇಶಕ್ಕೂ ಓಗೊಡುತ್ತವೆ. ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಕೋರ್ಟಿನ್ ಮತ್ತು ಬ್ಲಾಕ್ ಅವರ ತಂಡ 2018ರಲ್ಲಿ 3 ಜನರನ್ನು ಹೀಗೆ ನಡೆಸಿತು. ಆಪರೇಷನ್ ಮಾಡಿ ಕರೆಂಟ್ ಕೊಡುವ ಯಂತ್ರ ಒಳಗಿಟ್ಟು, ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಆಸರೆ ಹಿಡಿಸಿ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಒಪ್ಪಿದ ಯಂತ್ರ ಚರ್ಮದ ಮೇಲಿಂದ ಕರೆಂಟ್ ಕೊಡುತ್ತದೆ, ಆದರೆ ಅದು ಕುತ್ತಿಗೆಗೆ ಪೆಟ್ಟಾದವರ ಕೈಗೆ, ಕಾಲಿಗಲ್ಲ. ಅಂಗಡಿಯಲ್ಲಿ ಸಿಗುವ, ಚರ್ಮಕ್ಕೆ ಪಟ್ಟಿ ಅಂಟಿಸಿ ಕರೆಂಟ್ ಕೊಡುವ ಟೆನ್ಸ್ ಮಷೀನ್ ಇರುವುದು ನೋವಿಗೆ, ಅದೇ ಇದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೊಪ್ಪಳದಲ್ಲಿ ನಮ್ಮ ಮಾವನಿಗೂ ಹೀಗೇ ಆಗಿದೆ. ದಿನಾ ಬೆಳಿಗ್ಗೆ ಕೈಗನ್ನಡಿ ಹಿಡಿದು ಹಿಮ್ಮಡಿ, ಸೊಂಟ ಎಲ್ಲಾದರೂ ಕೆಂಪಾಗಿದೆಯಾ ಅಂತ ತಾವೇ ನೋಡಿಕೊಳ್ಳುತ್ತಾರೆ, ಯಾಕೆಂದರೆ ಹುಣ್ಣಾದರೆ ಅವರಿಗೆ ನೋವೇ ತಿಳಿಯುವುದಿಲ್ಲ. ತಮ್ಮನಿಗೂ ಇದನ್ನು ಕಲಿಸಿ. ಮಲಗಿದಾಗ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕೀಲು ಗಟ್ಟಿಯಾಗದ ಹಾಗೆ ಫಿಸಿಯೋ ಬಿಡಬೇಡಿ.

ಕಾಲಬೆರಳು ಮುಟ್ಟಿದರೆ ಅವನಿಗೆ ಸ್ವಲ್ಪವಾದರೂ ಗೊತ್ತಾಗುತ್ತಾ? ಅಳಿದುಳಿದ ದಾರಿ ಇದೆಯಾ ಅನ್ನುವುದಕ್ಕೆ ಅದೊಂದು ಸುಳಿವು, ಅದನ್ನು ಬರೆಯಿರಿ.