ಗಿಡಮೂಲಿಕೆ ಲ್ಯಾಬಲ್ಲಿ ಕ್ಯಾನ್ಸರ್ ಸೆಲ್ ಕೊಲ್ಲುತ್ತೆ ಅಂದ್ಮೇಲೆ ಅದು ಔಷಧಿ ಯಾಕಾಗಲ್ಲ?

ಯಾವುದೋ ಮೂಲಿಕೆ ಎಲೆಯ ಎಕ್ಸ್‌ಟ್ರಾಕ್ಟ್ 90% ಕ್ಯಾನ್ಸರ್ ಸೆಲ್ ಕೊಂದಿದೆ ಅಂತ ಓದಿದೀರಿ, ಹಾಗಿದ್ರೆ ಮಾತ್ರೆ ಯಾಕೆ ಬಂದಿಲ್ಲ, ಕಂಪನಿಯವ್ರು ಮುಚ್ಚಿಡ್ತಿದಾರಾ ಅಂತ ಕೇಳಿದೀರಿ. ನಾನು ಕೆಲವು ವರ್ಷ ಇದೇ ಟೆಸ್ಟ್ ಮಾಡ್ತಿದ್ದೆ. ಮುಚ್ಚಿಡೋಕೆ ಅಲ್ಲೇನೂ ಇರಲ್ಲ, ಯಾಕಂದ್ರೆ ಲ್ಯಾಬ್ ಪ್ಲೇಟಲ್ಲಿರೋ ಸೆಲ್ ಕೊಲ್ಲೋದು ಬಹಳ ಸುಲಭ. ಸ್ಪಿರಿಟ್ ಹಾಕಿದ್ರೂ ಸಾಯುತ್ತೆ, ಉಪ್ಪು ಜಾಸ್ತಿಯಾದ್ರೂ ಸಾಯುತ್ತೆ.

ಎಷ್ಟು ಪರ್ಸೆಂಟ್ ಸತ್ತಿದೆ ಅನ್ನೋದಕ್ಕಿಂತ ಎಷ್ಟು ಡೋಸಿಗೆ ಸತ್ತಿದೆ ಅಂತ ನೋಡಿ. ಅರ್ಧ ಸೆಲ್ ಹೋಗೋಕೆ ಬೇಕಾಗೋ ಪ್ರಮಾಣಕ್ಕೆ ಐಸಿ50 ಅಂತಾರೆ, ಕಚ್ಚಾ ಎಕ್ಸ್‌ಟ್ರಾಕ್ಟ್ ಆದ್ರೆ ಅದು ಒಂದು ಎಂಎಲ್‌ಗೆ 20-30 ಮೈಕ್ರೋಗ್ರಾಂ ಒಳಗಿದ್ರೆ ಮಾತ್ರ ಮುಂದೆ ನೋಡೋಣ ಅಂತಾರೆ, ಎಷ್ಟೋ ಸಂಶೋಧನಾ ಪೇಪರಲ್ಲಿ ಅದು ನೂರಾರು ಇರುತ್ತೆ, ಅಷ್ಟು ರಕ್ತದಲ್ಲಿ ನಿಲ್ಲಿಸೋಕೆ ಆಗೋ ಮಾತಾ? ಆಮೇಲೆ ಅದೇ ಡೋಸಿಗೆ ನಾರ್ಮಲ್ ಸೆಲ್ ಬದುಕುತ್ತಾ ಅಂತ ಪಕ್ಕದಲ್ಲೇ ಟೆಸ್ಟ್ ಮಾಡಿರ್ಬೇಕು. ಮಾಡಿಲ್ಲ ಅಂದ್ರೆ ಆ ಪೇಪರ್ ಅಲ್ಲೇ ಬಿಡಿ.

ಟೆಸ್ಟೇ ಮೋಸ ಮಾಡೋದೂ ಇದೆ. ಸಾಮಾನ್ಯವಾಗಿ ಮಾಡೋದು ಎಂಟಿಟಿ ಅನ್ನೋ ಟೆಸ್ಟ್, 96 ಗುಳಿ ಇರೋ ಪ್ಲೇಟಲ್ಲಿ ಸೆಲ್ ಬೆಳೆಸಿ ಎಕ್ಸ್‌ಟ್ರಾಕ್ಟ್ ಹಾಕಿ ಒಂದೆರಡು ದಿನ ಬಿಟ್ಟು ಹಳದಿ ಬಣ್ಣದ ಎಂಟಿಟಿ ಅನ್ನೋ ರಾಸಾಯನಿಕ ಹಾಕ್ತೀವಿ, ಬದುಕಿರೋ ಸೆಲ್ ಅದನ್ನ ನೇರಳೆ ಹರಳು ಮಾಡುತ್ತೆ, ಅದನ್ನ ಡಿಎಂಎಸ್‌ಓ ಅನ್ನೋ ದ್ರಾವಕದಲ್ಲಿ ಕರಗಿಸಿ 570 ನ್ಯಾನೋಮೀಟರಲ್ಲಿ ರೀಡಿಂಗ್ ತಗೋತೀವಿ. ಆದ್ರೆ ಆಂಟಿಆಕ್ಸಿಡೆಂಟ್ ಜಾಸ್ತಿ ಇರೋ ಎಕ್ಸ್‌ಟ್ರಾಕ್ಟ್‌ಗಳು ಸೆಲ್ಲೇ ಇಲ್ದೆ ಎಂಟಿಟಿನ ನೇರಳೆ ಮಾಡಿಬಿಡುತ್ವೆ! ಸತ್ತಿರೋ ಸೆಲ್ ಬದುಕಿದ ಹಾಗೆ ಕಾಣುತ್ತೆ. ಅದಕ್ಕೇ ಸೆಲ್ ಇಲ್ದೆ ಬರೀ ಎಕ್ಸ್‌ಟ್ರಾಕ್ಟ್ ಹಾಕಿದ ಗುಳಿಗಳನ್ನೂ ಇಡ್ಬೇಕು, ಸುಮಾರು ಜನ ಇಡಲ್ಲ.

ಹಾಗಂತ ಗಿಡದಿಂದ ಏನೂ ಬಂದಿಲ್ಲ ಅಂತಲ್ಲ. ನಿತ್ಯಪುಷ್ಪದ ಕಥೆ ನೋಡಿ, ಜಮೈಕಾದಲ್ಲಿ ಅದರ ಎಲೆ ಕಷಾಯನ ಶುಗರ್‌ಗೆ ಕುಡೀತಿದ್ರು, ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನ ಇಲಿಗಳ ಮೇಲೆ ನೋಡಿದಾಗ ಶುಗರ್ ಇಳೀಲಿಲ್ಲ, ಇಂಜೆಕ್ಷನ್ ಕೊಟ್ಟಾಗ ಬಿಳಿ ರಕ್ತಕಣ ಇಳಿದುಹೋಯ್ತು, ಅಲ್ಲಿಂದ ವಿನ್‌ಬ್ಲಾಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿ ಬಂತು, 1958ರಲ್ಲಿ. ಅಂದ್ರೆ ಜನ ಯಾವ ಕಾಯಿಲೆಗೆ ಬಳಸ್ತಿದ್ರೋ ಅದಕ್ಕಲ್ಲ, ಬೇರೇದಕ್ಕೇ ಕೆಲಸಕ್ಕೆ ಬಂತು. ಪೆಸಿಫಿಕ್ ಯೂ ಮರದ ತೊಗಟೆ ತಂದಿದ್ದು 1962ರಲ್ಲಿ, ಅದರೊಳಗಿನ ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್‌ನ ರಚನೆ ಪ್ರಕಟವಾಗಿದ್ದು 1971ರಲ್ಲಿ, ಅಮೆರಿಕದಲ್ಲಿ ಔಷಧಿಯಾಗಿ ಅನುಮತಿ ಸಿಕ್ಕಿದ್ದು 1992ರಲ್ಲಿ. ಮೂವತ್ತು ವರ್ಷ! ಮಧ್ಯೆ ಪ್ರಾಣಿಗಳ ಮೇಲೆ ಟೆಸ್ಟು, ಮನುಷ್ಯರ ಮೇಲೆ ಟ್ರಯಲ್ಲು, ನೀರಲ್ಲಿ ಕರಗಲ್ಲ ಅನ್ನೋ ತಲೆನೋವು ಬೇರೆ.

ಇದನ್ನೆಲ್ಲ ಓದಿ ನಿತ್ಯಪುಷ್ಪದ ಎಲೆ ಕುದಿಸಿ ಯಾರಿಗೂ ಕುಡಿಸ್ಬೇಡಿ ದಯವಿಟ್ಟು, ಆ ಗಿಡ ವಿಷ, ಅದರ ಔಷಧಿನ ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಮಾತ್ರ ಕೊಡ್ತಾರೆ. ಕೀಮೋ ನಡೀತಿರೋರು ಮೂಲಿಕೆ ತಗೋತಿದ್ರೆ ಡಾಕ್ಟರ್‌ಗೆ ಹೇಳ್ಲೇಬೇಕು, ಸೇಂಟ್ ಜಾನ್ಸ್ ವರ್ಟ್ ಅನ್ನೋ ಮೂಲಿಕೆ ಜೊತೆಗೆ ತಗೊಂಡ್ರೆ ಇರಿನೋಟೆಕಾನ್ ಅನ್ನೋ ಕೀಮೋ ಔಷಧಿಯ ಕೆಲಸ ಮಾಡೋ ರೂಪ ರಕ್ತದಲ್ಲಿ ಕಮ್ಮಿಯಾಗಿಬಿಡುತ್ತೆ. ನೀವು ಓದಿದ ಪೇಪರಲ್ಲಿ ಐಸಿ50 ಎಷ್ಟಿತ್ತು, ನಾರ್ಮಲ್ ಸೆಲ್ ಯಾವುದು ಬಳಸಿದ್ರು ಅಂತ ಕೆಳಗೆ ಹಾಕಿ, ನೋಡಿ ಹೇಳ್ತೀನಿ.