ಸ್ವಚ್ಛ ವಿದ್ಯುತ್ತು ಬೇಕೆನ್ನುವವರೇ ಅಮೆರಿಕದ ರಾಜ್ಯಗಳಲ್ಲಿ ವಿದ್ಯುತ್ ಮಾರ್ಗಗಳನ್ನು ಏಕೆ ವಿರೋಧಿಸುತ್ತಾರೆ?

ಅಮೆರಿಕದಲ್ಲಿ ವಿದ್ಯುತ್ ಮಾರ್ಗ ಎಲ್ಲಿ ಹಾದುಹೋಗಬೇಕೆಂಬ ಅನುಮತಿಯನ್ನು ಬಹುಮಟ್ಟಿಗೆ ಆಯಾ ರಾಜ್ಯವೇ ಕೊಡುವುದರಿಂದ, ವಿದ್ಯುತ್ತು ಒಂದು ರಾಜ್ಯಕ್ಕೆ, ಕಡಿದ ಕಾಡು ಇನ್ನೊಂದಕ್ಕೆ ಎಂಬ ಸ್ಥಿತಿ ಸುಲಭವಾಗಿ ಹುಟ್ಟುತ್ತದೆ.

ಮೇನ್ ರಾಜ್ಯದ ಪ್ರಕರಣವನ್ನೇ ನೋಡಬಹುದು. ಕೆನಡಾದ ಕ್ವಿಬೆಕ್‌ನಿಂದ 1,200 ಮೆಗಾವಾಟ್ ಜಲವಿದ್ಯುತ್ತನ್ನು ಅಮೆರಿಕದ ಇನ್ನೊಂದು ರಾಜ್ಯವಾದ ಮ್ಯಾಸಚೂಸೆಟ್ಸ್‌ಗೆಂದು ತರುವ ವಿದ್ಯುತ್ ಮಾರ್ಗವೊಂದರ ಸುಮಾರು 85 ಕಿ.ಮೀ. ಭಾಗಕ್ಕೆ ಮೇನ್‌ನ ಕಾಡಿನಲ್ಲಿ ಹೊಸದಾಗಿ ದಾರಿ ತೆರೆಯಬೇಕಿತ್ತು. ಹವಾಮಾನದ ಕಾರಣಕ್ಕೆ ಕೆಲವು ಪರಿಸರ ಸಂಘಟನೆಗಳು ಇದನ್ನು ಬೆಂಬಲಿಸಿದರೆ, ಅಲ್ಲಿಯದೇ ಆದ ಇತರ ಸಂಘಟನೆಗಳು ವಿರೋಧಿಸಿದವು: ಈಗಾಗಲೇ ಉತ್ಪಾದನೆಯಾಗುತ್ತಿರುವ ಜಲವಿದ್ಯುತ್ತು ಬೇರೆ ಗ್ರಾಹಕರ ಬದಲು ಇತ್ತ ತಿರುಗಿದರೆ ಒಟ್ಟು ಇಂಗಾಲದ ಹೊರಸೂಸುವಿಕೆ ನಿಜಕ್ಕೂ ಇಳಿಯುವುದೇ ಎಂಬುದು ಅವುಗಳ ಪ್ರಶ್ನೆಯಾಗಿತ್ತು. (ವಿರೋಧದ ಪ್ರಚಾರಕ್ಕೆ ಹಣ ಕೊಟ್ಟವರಲ್ಲಿ ಅನಿಲ ವಿದ್ಯುತ್ ಸ್ಥಾವರಗಳ ಮಾಲೀಕರೂ ಇದ್ದರೆಂಬುದನ್ನು ಮರೆಯುವಂತಿಲ್ಲ.) 2021ರ ಜನಮತಗಣನೆಯಲ್ಲಿ ಸುಮಾರು ಶೇ. 59ರಷ್ಟು ಮತದಾರರು ಮಾರ್ಗವನ್ನು ತಿರಸ್ಕರಿಸಿದರು. ಆದರೆ ಅಷ್ಟರಲ್ಲಿ ಕಾಮಗಾರಿ ಆರಂಭವಾಗಿದ್ದರಿಂದ, ಅದನ್ನು ಮುಂದುವರಿಸುವ ಕಂಪನಿಯ ಹಕ್ಕನ್ನು 2023ರಲ್ಲಿ ನ್ಯಾಯಾಲಯದ ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ಮಂಡಳಿ) ಎತ್ತಿಹಿಡಿಯಿತು.

ಈ ಜಗಳದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು 2020ರ ಪರವಾನಗಿಯ ಷರತ್ತು: ಹೊಸ ಭಾಗದಲ್ಲಿ 150 ಅಡಿ ಅಗಲಕ್ಕೆ ಮರ ಕಡಿಯುವ ಯೋಜನೆಯನ್ನು ರಾಜ್ಯದ ಪರಿಸರ ಇಲಾಖೆ ಬಹುಪಾಲು ಕಡೆ 54 ಅಡಿಗೆ ಇಳಿಸಿತು.